ಶೇ 60 ಕನ್ನಡ, ಒತ್ತಿಗೆ ಮಾತ್ರ ಜಾಗವಿಲ್ಲ

ಬೆಂಗಳೂರಿನ ಹೊಸ ಬೋರ್ಡೊಂದರ ಫೋಟೋ ನೋಡಿ, ಇಲ್ಲಿ ಇಂಗ್ಲೆಂಡಿನ ಸಹೋದ್ಯೋಗಿ ಕೇಳಿದ್ದು ಇಷ್ಟೇ: "ಮಧ್ಯೆ ಸಿಕ್ಕಿಕೊಂಡ ಈ ಚೂರು ಮೇಲಿನ ಸಾಲಿನದಾ, ಕೆಳಗಿನದಾ?" ಚೂರಲ್ಲ ಮಾರಾಯ, ಅದು 'ಸ್ವಾತಂತ್ರ್ಯ'ದ ಒತ್ತು. ಕನ್ನಡದ ಗಂಧವಿಲ್ಲದವರ ಕಣ್ಣಿಗೂ ಬಿದ್ದದ್ದು ಬೋರ್ಡು ಮಾಡಿದವರಿಗೂ ಮಾಡಿಸಿದವರಿಗೂ ಕಂಡಿಲ್ಲ.

ಕರ್ನಾಟಕದ ಕನ್ನಡ ಭಾಷಾ ಕಾಯ್ದೆಗೆ ಆದ 2024ರ ತಿದ್ದುಪಡಿ ಪ್ರಕಾರ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಬೇಕಾದ್ದೇ. ಆದರೆ ನಮ್ಮವರ ಲೆಕ್ಕ ಅಲ್ಲಿಗೇ ಮುಗಿಯಿತು. ಜಾಗ ತುಂಬಬೇಕಲ್ಲ, ಅಕ್ಷರವನ್ನು ಹಿಡಿದು ಅಡ್ಡಕ್ಕೆ ಎಳೆಯುತ್ತಾರೆ. ಎಳೆದಾಗ ನಿಂತ ಗೆರೆ ದಪ್ಪವಾಗುತ್ತದೆ, ಮಲಗಿದ ಗೆರೆ ಇದ್ದ ಹಾಗೇ ಇರುತ್ತದೆ. ದುಂಡಗಿರಬೇಕಾದ 'ಠ' ಮೊಟ್ಟೆಯಾಗುತ್ತದೆ. ದಪ್ಪ ಸಾಲದು ಅಂತ ಸುತ್ತ ಇನ್ನೊಂದು ಔಟ್‌ಲೈನ್ ಕೊಟ್ಟರೆ ಮಹಾಪ್ರಾಣದ ಕೆಳಗಿನ ಸೀಳು ಮುಚ್ಚಿಹೋಗಿ 'ಧ'ಕ್ಕೂ 'ದ'ಕ್ಕೂ ವ್ಯತ್ಯಾಸವೇ ಉಳಿಯುವುದಿಲ್ಲ. ಹತ್ತಿರದಿಂದ ಹೇಗೋ ಓದಬಹುದು. ರಸ್ತೆಯಾಚೆಯಿಂದ ಬರೀ ಊಹೆ.

ಇಲ್ಲಿ, ಬ್ರಿಟನ್ನಿನ ರಸ್ತೆ ಫಲಕಗಳದ್ದು ತದ್ವಿರುದ್ಧ ಲೆಕ್ಕ. 1963ರ ವೋರ್‌ಬಾಯ್ಸ್ ರಸ್ತೆ ಫಲಕ ಸಮಿತಿಯ ವರದಿಯ ನಂತರ ಬಂದ, ಜಾಕ್ ಕಿನ್ನೀರ್ ಮತ್ತು ಮಾರ್ಗರೆಟ್ ಕ್ಯಾಲ್ವರ್ಟ್ ರೂಪಿಸಿದ ಫಲಕಗಳಲ್ಲಿ ಅಕ್ಷರದ ಗೆರೆಯ ದಪ್ಪವೇ ಅಳತೆಗೋಲು. ಸಣ್ಣಕ್ಷರ 'ಎಕ್ಸ್'ನ ಎತ್ತರ ಅದರ 4 ಪಟ್ಟು. ಸಾಲಿನ ಅಂತರ, ಅಂಚು ಎಲ್ಲವೂ ಆ ಗೆರೆಯ ಲೆಕ್ಕದಲ್ಲೇ. ಅಂದರೆ ಮೊದಲು ಅಕ್ಷರ, ಆಮೇಲೆ ಹಲಗೆ. ಕಡು ಬಣ್ಣದ ಮೇಲೆ ಬಿಳಿ ಅಕ್ಷರ ಬೆಳಕು ಬಿದ್ದಾಗ ಉಬ್ಬಿದಂತೆ ಕಾಣುತ್ತದೆ ಅಂತ ಅದಕ್ಕೆ ಕೊಂಚ ತೆಳು ನಮೂನೆ, ಬಿಳಿಯ ಮೇಲಿನ ಕಪ್ಪಿಗೆ ದಪ್ಪ ನಮೂನೆ. ನಮ್ಮಲ್ಲಿ ಎರಡಕ್ಕೂ ಸಿಕ್ಕಿದ್ದೇ ಬೋಲ್ಡ್.

ಒತ್ತು ಕೆಡುವುದು ಬರೀ ಅಸಡ್ಡೆಯಿಂದಲ್ಲ, ಕೆಡುವುದಕ್ಕೂ ಒಂದು ದಾರಿಯಿದೆ. ವಿನ್ಯಾಸದ ಸಾಫ್ಟ್‌ವೇರ್ ಇಲ್ಲಸ್ಟ್ರೇಟರ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳಿಗೆ ಬೇಕಾದ ಕಂಪೋಸರ್ (ಅಕ್ಷರ ಜೋಡಿಸುವ ಆಯ್ಕೆ) ಆರಿಸದಿದ್ದರೆ 'ಕನ್ನಡ' ಹೋಗಿ 'ಕನ್‌ನಡ' ಬರುತ್ತದೆ. ಈ ರಗಳೆ ಯಾರಿಗೆ ಬೇಕು ಅಂತ ಡಿಟಿಪಿಯವರು ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಬಿಟ್ಟು ಹಳೇ ಫಾಂಟಿಗೇ ಮರಳುತ್ತಾರೆ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಅದಕ್ಕೆ ಹೆದರಿ ಮೊದಲೇ ಕರ್ವ್ಸ್‌ಗೆ ಅಂದರೆ ಬರೀ ಗೆರೆಯ ಚಿತ್ರಕ್ಕೆ ಬದಲಿಸಿಬಿಡುತ್ತಾರೆ. ಕೊನೇ ಗಳಿಗೆಯಲ್ಲಿ ಕಾಗುಣಿತದ ತಪ್ಪು ಸಿಕ್ಕಿತೋ, ಮತ್ತೆ ಟೈಪ್ ಮಾಡುವ ಹಾಗಿಲ್ಲ. ಪಕ್ಕದ ಪದದಿಂದ ಒತ್ತು ಕತ್ತರಿಸಿ ತಂದು ಅಂಟಿಸುವುದೇ. ಅಲ್ಲಿಗೆ ಒಂದು ಒತ್ತು ಮೇಲೆ, ಇನ್ನೊಂದು ಕೆಳಗೆ.

ಸಾಲಿನ ಅಂತರವೂ ಅಷ್ಟೇ. ಸಾಫ್ಟ್‌ವೇರ್ ತಾನಾಗಿ ಕೊಡುವ, ಅಕ್ಷರದ ಗಾತ್ರದ ಶೇ 120ರಷ್ಟು ಅಂತರ ಇಂಗ್ಲಿಷಿಗೆ ಸಾಕು. ಕನ್ನಡದಲ್ಲಿ 'ರಾಷ್ಟ್ರ'ದಂಥ ಎರಡು ಒತ್ತಿನ ಪದ ಕೆಳಗಿಳಿದು, ಕೆಳಸಾಲಿನ ಗುಡಿಸು ಮೇಲೇರಿ, ಎರಡೂ ಡಿಕ್ಕಿ ಹೊಡೆಯುತ್ತವೆ. ಬಹುತೇಕ ಫಾಂಟುಗಳಿಗೆ ಶೇ 150ರಿಂದ 170 ಬೇಕು. ಜಾಗವಿಲ್ಲವಾದರೆ ಅಕ್ಷರದ ಗಾತ್ರ ಇಳಿಸಬೇಕೇ ಹೊರತು ಸಾಲು ಒತ್ತರಿಸಬಾರದು. ಆದರೆ ಗಾತ್ರ ಇಳಿಸಿದರೆ ಗಿರಾಕಿ ಒಪ್ಪುವುದಿಲ್ಲ!

ಬ್ರಿಟಿಷರ ಕೆಲಸ ಸಲೀಸಾಗಿತ್ತು ಅನ್ನುವುದನ್ನು ಒಪ್ಪಲೇಬೇಕು, ಅವರ ಲಿಪಿಯಲ್ಲಿ ಕೆಳಕ್ಕಿಳಿಯುವುದು ನಾಲ್ಕೈದು ಅಕ್ಷರ, ಅದೂ ಬರೀ ಬಾಲ. ಅವರದೂ ಪೂರಾ ಶಾಸ್ತ್ರವೇನಲ್ಲ. ಯಾವ ನಮೂನೆ ದೂರದಿಂದ ಓದಲು ಬರುತ್ತದೆ ಅಂತ ನೋಡಲು ಬೆನ್ಸನ್ ವಿಮಾನನೆಲೆಯಲ್ಲಿ ಕಾರಿನ ಮೇಲೆ ಫಲಕ ಕಟ್ಟಿ ಓಡಿಸಿ, ಕುರ್ಚಿಯಲ್ಲಿ ಕೂತ ಸಿಬ್ಬಂದಿಯಿಂದ ಓದಿಸಿದಾಗ ಕೂದಲೆಳೆಯಷ್ಟು ಮುಂದಿದ್ದದ್ದು ಅಕ್ಷರ ಕೆತ್ತುವ ಕಲಾವಿದ ಡೇವಿಡ್ ಕಿಂಡರ್ಸ್‌ಲಿಯ ದೊಡ್ಡಕ್ಷರಗಳು. ಗೆದ್ದದ್ದು ಮಾತ್ರ ನೋಟಕ್ಕೆ ಚೆನ್ನಾಗಿದ್ದ ಕಿನ್ನೀರ್ ನಮೂನೆ.

ನಮ್ಮಲ್ಲೂ ಬ್ರಷ್ ಹಿಡಿದು ಬೋರ್ಡು ಬರೆಯುತ್ತಿದ್ದವರು ಒತ್ತಿಗೆ ಜಾಗ ಬಿಟ್ಟೇ ಬರೆಯುತ್ತಿದ್ದರು. ಈಗ ಒಳ್ಳೆಯ ಫಾಂಟುಗಳಿಗೂ ಬರವಿಲ್ಲ. ಏಕ್ ಟೈಪ್‌ನವರ 'ಅನೇಕ್ ಕನ್ನಡ'ದಲ್ಲಿ ದಪ್ಪವನ್ನು 100ರಿಂದ 800ರವರೆಗೂ, ಅಗಲವನ್ನು 75ರಿಂದ 125ರವರೆಗೂ ಬದಲಿಸಿಕೊಳ್ಳಬಹುದು. ಅಗಲಿಸಿದರೂ ಗೆರೆ ಕೆಡುವುದಿಲ್ಲ, ಹಾಗಾಗಿ ಎಳೆಯುವ ದರ್ದೇ ಇಲ್ಲ. ಹಳೇ ಸಾಫ್ಟ್‌ವೇರಿಗೆ ಹೀಗೆ ಬದಲಿಸಿಕೊಳ್ಳಬಹುದಾದ 'ವೇರಿಯಬಲ್' ಫಾಂಟ್ ಅರ್ಥವಾಗದಿದ್ದರೆ ಬಿಡಿ ಬಿಡಿ ಕಡತಗಳೂ ಇವೆ. ಎಲ್ಲ ಪುಕ್ಕಟೆ.