ಎಸಿಗೆ ಪ್ರತಿ ವರ್ಷ ಗ್ಯಾಸ್ ತುಂಬಿಸಲೇಬೇಕಾ?

"ಬೇಸಿಗೆಗೆ ಮುಂಚೆ ಎಸಿಗೆ ಗ್ಯಾಸ್ ತುಂಬಿಸಿ, ಇಲ್ಲದಿದ್ದರೆ ಕಂಪ್ರೆಸರ್ ಸುಟ್ಟುಹೋಗುತ್ತೆ" ಅನ್ನೋ ಮೆಸೇಜು ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ನಿಜವಲ್ಲ.

ಎಸಿ ಗ್ಯಾಸು ಅಡುಗೆ ಸಿಲಿಂಡರ್‌ನ ಗ್ಯಾಸಿನ ಹಾಗೆ ಖರ್ಚಾಗುವುದಿಲ್ಲ. ಮುಚ್ಚಿದ ಪೈಪಿನೊಳಗೆ ಅದೇ ಗ್ಯಾಸು ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದ್ದರೆ ಸಾಮಾನ್ಯವಾಗಿ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಸೋರಿಕೆ ಮುಚ್ಚದೆ ತುಂಬಿಸಿದರೆ ಅದೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಮಂಗಳೂರು, ಕಾರವಾರದ ಕಡೆ ಉಪ್ಪುಗಾಳಿಗೆ ಹೊರಗಿನ ಯೂನಿಟ್‌ನ ಕಾಯಿಲ್ (ಗ್ಯಾಸು ಹರಿಯುವ ಸುರುಳಿ ಪೈಪು) ಬೇಗ ಸವೆಯುತ್ತದೆ, ಅಲ್ಲಿ ಈ ಕಾಟ ಜಾಸ್ತಿ.

ಕೂಲಿಂಗ್ ಕಡಿಮೆ ಅನಿಸಿದರೆ ಮೊದಲು ಫಿಲ್ಟರ್ ತೆಗೆದು ನೋಡಿ. ಎಷ್ಟೋ ಸಲ ಧೂಳೇ ಕಾರಣ.

ಹಾಗಂತ ಏರಿಯಾದ ಮೆಕ್ಯಾನಿಕ್‌ಗಳೆಲ್ಲ ಮೋಸಗಾರರು ಅಂತಲ್ಲ. ಕೆಲಸ ಬಲ್ಲವರು ಜಾಯಿಂಟ್‌ಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದಾ ನೋಡುತ್ತಾರೆ. ಸೋರಿಕೆ ಸಿಕ್ಕರೆ ಸರಿಮಾಡಿ, ವ್ಯಾಕ್ಯೂಮ್ ಪಂಪ್‌ನಿಂದ ಪೈಪಿನೊಳಗಿನ ಗಾಳಿ, ತೇವ ಎಳೆಯುತ್ತಾರೆ. ಆಮೇಲೆ ಸಿಲಿಂಡರನ್ನು ತೂಕದ ಯಂತ್ರದ ಮೇಲಿಟ್ಟು ಗ್ಯಾಸ್ ಬಿಡುತ್ತಾರೆ. ಇದ್ಯಾವುದೂ ಇಲ್ಲದೆ ಸುಮ್ನೆ ಹತ್ತು ನಿಮಿಷದಲ್ಲಿ "ಆಯ್ತು ಸಾರ್" ಅಂದರೆ ಅನುಮಾನಪಡಿ.

ಯಾವ ಗ್ಯಾಸು, ಎಷ್ಟು ಗ್ರಾಂ ಅನ್ನೋದು ಔಟ್‌ಡೋರ್ ಯೂನಿಟ್‌ನ ಸ್ಟಿಕ್ಕರ್ ಮೇಲೇ ಇರುತ್ತದೆ. ಆರ್-32 ಎಂದಿದ್ದರೆ ಆರ್-22 ಹಾಕಲು ಬಿಡಬೇಡಿ. ಆರ್-32ಗೆ ಸ್ವಲ್ಪ ಹೊತ್ತಿಕೊಳ್ಳುವ ಗುಣವಿದೆ, ಕೆಲಸ ನಡೆಯುವಾಗ ಹತ್ತಿರ ಬೀಡಿ, ಸಿಗರೇಟು ಬೇಡ.

ವಾರಂಟಿ ಮುಗಿದಿಲ್ಲ ಅಂದರೆ ಹೊರಗಿನವರನ್ನು ಕರೆಯುವ ಮೊದಲು ಕಾರ್ಡ್ ಓದಿ. ಬೇರೆಯವರು ಬಿಚ್ಚಿದ ಎಸಿಗೆ ವಾರಂಟಿ ಕೊಡಲ್ಲ ಅಂತ ಅದರಲ್ಲಿ ಬರೆದಿರಬಹುದು. ಬಿಲ್‌ನಲ್ಲಿ ಸೋರಿಕೆ ಎಲ್ಲಿತ್ತು, ಎಷ್ಟು ಗ್ರಾಂ ತುಂಬಿದರು ಅನ್ನೋದನ್ನೂ ಬರೆಸಿಕೊಳ್ಳಿ.