ದಸರಾ ರಜೆಯಲ್ಲಿ ಅಜ್ಜಿಗೆ ರಜೆ ಯಾವಾಗ?

ಮಹಾರಾಷ್ಟ್ರದ ಶಾಲೆಗಳಲ್ಲಿ ದಸರೆಗೆ ಒಂದೇ ದಿನ ರಜೆ. ದೊಡ್ಡ ರಜೆ ಏನಿದ್ದರೂ ದೀಪಾವಳಿಗೆ. ನಮ್ಮ ಮೈಸೂರು ಕಡೆ ಇದು ಉಲ್ಟಾ. ದಸರಾ ರಜೆ ಅಂದರೇನೇ ಮಕ್ಕಳಿಗೆ ರಜೆ, ದೀಪಾವಳಿ ಮೂರು ದಿನದ ಹಬ್ಬ. ವಿಜಯದಶಮಿಗೂ ದೀಪಾವಳಿ ಅಮಾವಾಸ್ಯೆಗೂ ನಡುವೆ ಸುಮಾರು 20 ದಿನ. ಪುಣೆಯಲ್ಲಿ ಸಂಸಾರ ಹೂಡಿರುವ ನನ್ನಂಥ ಮೈಸೂರಿನವರಿಗೆ ಈ 20 ದಿನವೇ ದೊಡ್ಡ ತೊಡಕು. ಮಕ್ಕಳ ಮೊದಲ ಟರ್ಮಿನ ಪರೀಕ್ಷೆ ಮುಗಿಸಿಕೊಂಡು ಊರಿಗೆ ಹೋಗುವ ಹೊತ್ತಿಗೆ ಗೊಂಬೆಗಳು ಟ್ರಂಕು ಸೇರಿರುತ್ತವೆ, ನೆಂಟರೆಲ್ಲ ವಾಪಸ್ ಹೋಗಿರುತ್ತಾರೆ.

ಅದಕ್ಕೇ ಕೆಲವು ವರ್ಷ ಶಾಲೆ ತಪ್ಪಿಸಿ ದಸರೆಗೇ ಹೋಗುತ್ತೇವೆ. ಕೆಲವು ವರ್ಷ ಪುಣೆಯಲ್ಲೇ ದೀಪಾವಳಿ ಮಾಡುತ್ತೇವೆ. ಹೀಗಾಗಿ ಎರಡೂ ಊರಿನ ಹಬ್ಬವನ್ನೂ ಎರಡೂ ಊರಿನ ಅಜ್ಜಿಯಂದಿರನ್ನೂ ಹತ್ತಿರದಿಂದ ನೋಡಿದ್ದೇನೆ. ನೋಡಿದ ಮೇಲೆ ಒಂದು ಮಾತು ಹೇಳಲೇಬೇಕು ಅನಿಸಿದೆ. ಹಬ್ಬದ ರಜೆಯಲ್ಲಿ ನಮ್ಮ ಕಡೆಯ ಅಜ್ಜಿಯರು ಎಲ್ಲರಿಗಿಂತ ಜಾಸ್ತಿ ದುಡಿಯುತ್ತಾರೆ, ಎಲ್ಲರಿಗಿಂತ ಕಡಿಮೆ ತಿರುಗಾಡುತ್ತಾರೆ. ಇದು ಬದಲಾಗಬೇಕು.

ಮೈಸೂರಿನಲ್ಲಿ ಅಮ್ಮ ನನ್ನ ತಮ್ಮನ ಮನೆಯಲ್ಲಿದ್ದಾಳೆ. ಎಪ್ಪತ್ತು ದಾಟಿದೆ, ಮಂಡಿ ನೋವು ಬಿಟ್ಟರೆ ಗಟ್ಟಿಮುಟ್ಟು. ಪಾಡ್ಯದ ಹಿಂದಿನ ದಿನವೇ ಟ್ರಂಕು ಕೆಳಗಿಳಿಯಬೇಕು. ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಹಳೇ ಹತ್ತಿ ಸೀರೆಯ ತುಂಡುಗಳಲ್ಲಿ ಸುತ್ತಿಟ್ಟಿರುತ್ತಾಳೆ. ಅದನ್ನು ಬಿಚ್ಚುವ ಕೆಲಸ ಬೇರೆ ಯಾರಿಗೂ ಇಲ್ಲ. ರಾಜನ ಪೇಟ ಸವೆದಿದ್ದರೆ ಹೊಸ ಜರಿ ಅಂಟಿಸುತ್ತಾಳೆ, ರಾಣಿಗೆ ಸಣ್ಣ ಸೀರೆ ಉಡಿಸುತ್ತಾಳೆ. ಆಮೇಲೆ ಮೆಟ್ಟಿಲು ಕಟ್ಟಿ, ಬಿಳಿ ಪಂಚೆ ಹಾಸಿ, ಪಟ್ಟದ ಗೊಂಬೆಗಳನ್ನು ಮೇಲಿನ ಮೆಟ್ಟಿಲಲ್ಲಿ ಕೂರಿಸಬೇಕು. ಅಲ್ಲಿಂದ ಶುರು. ಒಂದು ದಿನ ಕಡಲೆಕಾಳು ಉಸಲಿ, ಒಂದು ದಿನ ಹೆಸರುಕಾಳು, ಶುಕ್ರವಾರ ಸಿಹಿ, ಸರಸ್ವತಿ ಪೂಜೆಗೆ ಬೇರೆ, ಆಯುಧ ಪೂಜೆಗೆ ಬೇರೆ. ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕಬೇಕು. ಸಂಜೆ ಆರತಿ ಹೊತ್ತಿಗೆ ಬೀದಿಯ ಮಕ್ಕಳು ಗೊಂಬೆ ಬಾಗಿನಕ್ಕೆ ಬರುತ್ತವೆ. ಅಷ್ಟರಲ್ಲಿ ಮಂಡ್ಯದಿಂದ ಅಕ್ಕನ ಮನೆಯವರು ಬಂದಿಳಿದಿರುತ್ತಾರೆ, ಬೆಂಗಳೂರಿನ ಚಿಕ್ಕಪ್ಪನ ಮಕ್ಕಳು ಬಂದಿರುತ್ತಾರೆ, ನಾವೂ ಬಂದಿರುತ್ತೇವೆ. ಹಾಲಿನ ತುಂಬ ಹಾಸಿಗೆ.

ಇಷ್ಟೂ ಜನ ಬರುವುದೇ ದಸರಾ ನೋಡೋಕೆ. ಒಂದಿನ ವಸ್ತುಪ್ರದರ್ಶನ, ಒಂದಿನ ಫಲಪುಷ್ಪ ಪ್ರದರ್ಶನ, ಒಂದು ಸಂಜೆ ದೀಪಾಲಂಕಾರ. ಜಂಬೂಸವಾರಿ ದಿನವಂತೂ ತಿಂಡಿ ತಿಂದ ಕೂಡಲೇ ಜಾಗ ಹಿಡಿಯೋಕೆ ಸಯ್ಯಾಜಿರಾವ್ ರಸ್ತೆಗೆ ಓಟ. ಹೊರಡುವಾಗ ಯಾರಾದರೂ ಕೇಳುತ್ತಾರೆ, ಕೇಳೋದಿಲ್ಲ ಅಂತಲ್ಲ. "ಅಜ್ಜಿ, ನೀವೂ ಬನ್ನಿ." ಅಮ್ಮನ ಉತ್ತರ ಸಿದ್ಧವಾಗಿರುತ್ತದೆ: "ನೀವು ಹೋಗ್ಬನ್ನಿ, ನಾನು ಮನೆ ನೋಡ್ಕೋತೀನಿ. ಟಿವಿಯಲ್ಲೇ ಚೆನ್ನಾಗಿ ಕಾಣುತ್ತೆ ಬಿಡ್ರಪ್ಪ." ಎಲ್ಲರೂ ಇದನ್ನು ನಂಬುತ್ತಾರೆ. ನಂಬಿದರೆ ಅನುಕೂಲ, ಅದಕ್ಕೇ. ಚಂದನ ವಾಹಿನಿಯಲ್ಲಿ ಅಂಬಾರಿ ಚೆನ್ನಾಗಿಯೇ ಕಾಣುತ್ತದೆ, ನಿಜ. ಆದರೆ ಅರಮನೆಗೆ ಎರಡು ಮೂರು ಮೈಲಿ ದೂರದ ಮನೆಯಲ್ಲಿ ಕೂತು, ವರ್ಷ ವರ್ಷವೂ ಟಿವಿಯಲ್ಲಿ ದಸರಾ ನೋಡುವುದು ಯಾರಿಗಾದರೂ ಇಷ್ಟವಾಗುತ್ತದಾ?

ಈಗ ಪುಣೆಯ ದೀಪಾವಳಿಗೆ ಬರುತ್ತೇನೆ. ನಾವಿರುವ ಸೊಸೈಟಿಯಲ್ಲಿ ಅಮ್ಮನ ವಯಸ್ಸಿನವರು ತುಂಬ ಜನ ಇದ್ದಾರೆ. ಹಬ್ಬಕ್ಕೆ ಒಂದು ವಾರ ಇರುವಾಗಲೇ ಇಡೀ ಕಟ್ಟಡ ಎಣ್ಣೆ ವಾಸನೆ. ಚಕ್ಲಿ, ಕರಂಜಿ, ಶಂಕರಪಾಳಿ, ಚಿವ್ಡಾ, ಅನಾರ್ಸೆ. ಎಲ್ಲಾ ಸೇರಿ ಅವರು ಫರಾಳ ಅನ್ನುತ್ತಾರೆ. ಮಾಡಿ ಡಬ್ಬಿಗೆ ತುಂಬಿಬಿಟ್ಟರೆ ಮುಗಿಯಿತು. ಈಚೆಗೆ ಅರ್ಧ ಮನೆಯಲ್ಲಿ ಮಾಡಿ, ಉಳಿದಿದ್ದನ್ನು ಹೆಂಗಸರ ಗೃಹ ಉದ್ಯೋಗಗಳಿಂದ ತರಿಸುವವರೂ ಜಾಸ್ತಿ. ಹಬ್ಬದ ದಿನ ಯಾರು ಬಂದರೂ ಡಬ್ಬಿ ತೆಗೆದು ತಟ್ಟೆಗೆ ಹಾಕಿ ಕೊಟ್ಟರಾಯಿತು. ಒಲೆ ಮುಂದೆ ನಿಲ್ಲುವ ಅಗತ್ಯ ಇಲ್ಲ.

ನರಕ ಚತುರ್ದಶಿ ದಿನ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಉಟಣೆ ಅನ್ನುವ ಪರಿಮಳದ ಪುಡಿ ಮೈಗೆ ಹಚ್ಚಿ, ಮೋತಿ ಸೋಪಿನಲ್ಲಿ ಸ್ನಾನ ಮಾಡಿ, ಅಜ್ಜಿಯರು ರೇಷ್ಮೆ ಸೀರೆ ಉಟ್ಟು ಕೆಳಗಿಳಿಯುತ್ತಾರೆ. ಎಲ್ಲಿಗೆ? ದಿವಾಳಿ ಪಹಾಟ್‌ಗೆ. ಸೂರ್ಯ ಹುಟ್ಟುವ ಮುಂಚೆ ಪಾರ್ಕುಗಳಲ್ಲಿ, ರಂಗಮಂದಿರಗಳಲ್ಲಿ ನಡೆಯುವ ಸಂಗೀತ ಅದು. ಅಭಂಗ, ನಾಟ್ಯಸಂಗೀತ, ಭಾವಗೀತೆ. ಗದಗಿನ ಕಡೆಯಿಂದ ಬಂದು ಪುಣೆಯಲ್ಲಿ ನೆಲೆ ನಿಂತ ಭೀಮಸೇನ ಜೋಶಿಯವರು ಹಾಡಿ ಜನಪ್ರಿಯ ಮಾಡಿದ ಅಭಂಗಗಳನ್ನು ಅಲ್ಲಿ ಹೊಸ ಹುಡುಗರು ಹಾಡುವಾಗ ನನಗೆ ಮೈ ಜುಮ್ ಅನ್ನುತ್ತದೆ. ಅವರು ದಾಸರ ಪದಗಳನ್ನೂ ಅಷ್ಟೇ ಪ್ರೀತಿಯಿಂದ ಹಾಡಿದವರಲ್ವಾ. ನಮ್ಮ ಪಕ್ಕದ ಮನೆಯ ಆಜಿ ಮುಂದಿನ ಸಾಲಲ್ಲಿ ತೊಡೆ ಮೇಲೆ ತಾಳ ಹಾಕುತ್ತಾ ಕೂತಿರುತ್ತಾರೆ. ಮೊಮ್ಮಗಳು ಪಕ್ಕದಲ್ಲಿ ತೂಕಡಿಸುತ್ತಿರುತ್ತಾಳೆ. ಮುಗಿಸಿಕೊಂಡು ಮನೆಗೆ ಬಂದು ಫರಾಳ ತಿನ್ನುತ್ತಾರೆ. ಹಬ್ಬದ ದೊಡ್ಡ ಸುತ್ತಾಟ ಅಲ್ಲಿಗೆ ಆಯಿತು, ಅದೂ ಅಜ್ಜಿಯ ಜೊತೆಗೇ.

ನಮ್ಮಲ್ಲಿ ಸಂಗೀತ ಇಲ್ವಾ? ಇದೆ, ಬೇಕಾದಷ್ಟಿದೆ. ನವರಾತ್ರಿಯ ಸಂಜೆಗಳಲ್ಲಿ ಅರಮನೆ ಮುಂದೆ ನಡೆಯುವ ಕಛೇರಿಗಳಿಗೆ ಸಮ ಯಾವುದಿದೆ? ಹಿಂದೆ ಸುಮಾರು ಒಂದು ಲಕ್ಷ ಬಲ್ಬುಗಳ ಬೆಳಕು, ಮುಂದೆ ದೊಡ್ಡ ವಿದ್ವಾಂಸರು. ಅಮ್ಮನಿಗೆ ಸಂಗೀತ ಅಂದರೆ ಪ್ರಾಣ. ಹುಡುಗಿಯಾಗಿದ್ದಾಗ ವೀಣೆ ಕಲಿತವಳು. ಆದರೆ ಕಛೇರಿ ಸಂಜೆ. ಅವಳಿಗೆ ಅದೇ ಹೊತ್ತಲ್ಲಿ ಗೊಂಬೆ ಆರತಿ, ಬಂದವರಿಗೆ ಕುಂಕುಮ, ಮಕ್ಕಳಿಗೆ ಬಾಗಿನ, ಆಮೇಲೆ ರಾತ್ರಿಯ ಅಡುಗೆ. ಪುಣೆಯ ಮಕ್ಕಳಿಗೆ ಅಜ್ಜಿ ಮೇಲೆ ಪ್ರೀತಿ ಜಾಸ್ತಿ, ನಮಗೆ ಕಮ್ಮಿ ಅಂತ ಇದರ ಅರ್ಥ ಅಲ್ಲ. ಅಲ್ಲಿ ಹಬ್ಬದ ಅಡುಗೆ ಹಬ್ಬಕ್ಕೆ ಮುಂಚೆ ಮುಗಿಯುತ್ತದೆ, ಇಲ್ಲಿ ಹಬ್ಬದ ಪ್ರತಿ ದಿನವೂ ಹೊಸದಾಗಿ ಶುರುವಾಗುತ್ತದೆ. ಅಜ್ಜಿ ಹೊರಗೆ ಹೋಗೋದೂ ಬಿಡೋದೂ ಅಡುಗೆಮನೆಯ ಕೈಯಲ್ಲಿದೆ.

ಹಾಗಂತ ಉಸಲಿ ಬಿಟ್ಟು ಡಬ್ಬಿ ತಿಂಡಿ ಇಡಿ ಅಂತ ನಾನು ಹೇಳೋದಿಲ್ಲ. ಗೊಂಬೆ ಮುಂದೆ ಬಿಸಿ ಉಸಲಿಯೇ ಚೆಂದ. ಆದರೆ ಅದನ್ನು ಅಜ್ಜಿಯೇ ಮಾಡಬೇಕು ಅಂತ ಯಾವ ಶಾಸ್ತ್ರದಲ್ಲಿದೆ? ಮನೆ ತುಂಬ ನೆಂಟರು ಇರುವಾಗ ದಿನಕ್ಕೊಬ್ಬರು ಒಲೆ ವಹಿಸಿಕೊಂಡರೆ ಯಾರಿಗೂ ಭಾರವಲ್ಲ. ಗಂಡಸರೂ ಸೇರಿ. ಮಾಡಿಸಿ ತರುವ ತಿಂಡಿಗಳಿಗೆ ಮೈಸೂರಿನಲ್ಲಿ ಏನೂ ಕೊರತೆಯಿಲ್ಲ. ಚಕ್ಕುಲಿ, ಕೋಡುಬಳೆ, ಕೊಬ್ಬರಿ ಮಿಠಾಯಿ ಮಾಡಿಕೊಡುವ ಹೆಂಗಸರು ಬೇಕಾದಷ್ಟು ಜನ ಇದ್ದಾರೆ. ಬಾಗಿನದ ಅರ್ಧ ಭಾಗ ಅಲ್ಲಿಂದ ಬಂದರೆ ಮಕ್ಕಳು ಬೇಡ ಅನ್ನುತ್ತವಾ?

ದಸರಾ ನಡೆಸುವವರಿಗೂ ಒಂದು ಕೋರಿಕೆ. ಅರಮನೆ ಮುಂದೆ ಬೆಳಗಿನ ಕಛೇರಿಗಳನ್ನೂ ಇಡಲಿ. ಅಕ್ಟೋಬರ್ ಬೆಳಗಿನ ಮೈಸೂರು ಎಷ್ಟು ತಂಪು! ಆರು ಗಂಟೆಗೆ ಟ್ರಾಫಿಕ್ ಇರೋದಿಲ್ಲ, ಒನ್‌ವೇ ಕಾಟ ಇರೋದಿಲ್ಲ. ಕೋಲು ಹಿಡಿದವರೂ ಆರಾಮವಾಗಿ ಬಂದು ಕೂರಬಹುದು. ಸಂಜೆಯ ಜನಜಾತ್ರೆಯಲ್ಲಿ ನಡೆಯಲಾರದವರಿಗೆ ಬೆಳಗಿನ ದಸರಾ ಬೇಕು.

ಇನ್ನೊಂದು ವಿಷಯದಲ್ಲಿ ಪುಣೆಯ ಅಜ್ಜಿಯರು ನಮಗಿಂತ ಮುಂದಿದ್ದಾರೆ. ಅವರಿಗೆ ತಮ್ಮದೇ ಗುಂಪು ಇದೆ. ಜ್ಯೇಷ್ಠ ನಾಗರಿಕ ಸಂಘ, ಭಜನಿ ಮಂಡಳಿ, ನಗುವ ಕ್ಲಬ್ಬು. ಕೇಸರಿ, ವೀಣಾ ವರ್ಲ್ಡ್‌ನಂಥ ಪ್ರವಾಸ ಕಂಪನಿಗಳು ಹೆಂಗಸರಿಗೇ ಬೇರೆ, ಹಿರಿಯರಿಗೇ ಬೇರೆ ಟೂರು ನಡೆಸುತ್ತವೆ. ಮಗ ಕರೆದುಕೊಂಡು ಹೋಗಲಿ ಅಂತ ಕಾಯುವುದಿಲ್ಲ. 2022ರ ಆಗಸ್ಟಿನಿಂದ ಮಹಾರಾಷ್ಟ್ರದ ಎಸ್‌ಟಿ, ಅಂದರೆ ಸರ್ಕಾರಿ ಸಾರಿಗೆ ಬಸ್ಸಿನಲ್ಲಿ 75 ದಾಟಿದವರಿಗೆ ಪುಕ್ಕಟೆ, 2023ರ ಮಾರ್ಚಿನಿಂದ ಹೆಂಗಸರಿಗೆಲ್ಲ ಅರ್ಧ ಚಾರ್ಜು. ಆ ಕೆಂಪು ಬಸ್ಸು ಹತ್ತಿ ಪಂಢರಪುರಕ್ಕೋ ಆಳಂದಿಗೋ ಹೊರಟೇಬಿಡುತ್ತಾರೆ.

ಈ ವಿಷಯದಲ್ಲಿ ಮಾತ್ರ ನಮ್ಮ ಕರ್ನಾಟಕ ಒಂದು ಹೆಜ್ಜೆ ಜಾಸ್ತಿಯೇ ಇಟ್ಟಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ವಯಸ್ಸಿನ ಲೆಕ್ಕ ಇಲ್ಲ, ರಾಜ್ಯದ ಹೆಂಗಸರಿಗೆಲ್ಲ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಬಿಟ್ಟಿ ಕೊಟ್ಟು ಖಜಾನೆ ಖಾಲಿ ಮಾಡ್ತಾರೆ ಅಂತ ಬೈಯುವವರನ್ನು ನಾನೂ ಕೇಳಿದ್ದೇನೆ. ಅವರು ಒಂದು ಸಲ ಮೈಸೂರಿನ ಸಬರ್ಬನ್ ಬಸ್ ಸ್ಟ್ಯಾಂಡಿಗೆ ಬೆಳಿಗ್ಗೆ ಏಳಕ್ಕೆ ಹೋಗಿ ನಿಂತು ನೋಡಲಿ. ಅಮ್ಮನೂ ಬೀದಿಯ ನಾಲ್ಕೈದು ಜನ ಗೆಳತಿಯರೂ ಸೇರಿ ಒಂದು ಸೋಮವಾರ ನಂಜನಗೂಡಿಗೆ ಹೋಗಿ ಬಂದರು. ಹೋಗಿ ಬಂದ ಮೇಲೆ ನನಗೆ ಫೋನು. ಕಂಡಕ್ಟರ್ ಆಧಾರ್ ಕಾರ್ಡು ನೋಡಿ ಸೊನ್ನೆ ರೂಪಾಯಿ ಟಿಕೆಟ್ ಹರಿದುಕೊಟ್ಟಿದ್ದು, ಕಪಿಲೆಯಲ್ಲಿ ಕಾಲು ತೊಳೆದಿದ್ದು, ಗುಡಿಯ ಹೊರಗೆ ರಸಬಾಳೆ ಕೊಂಡಿದ್ದು, ಎಲ್ಲ ಹೇಳಿದಳು. ಅವಳ ದನಿಯಲ್ಲಿ ಅಷ್ಟು ಹುರುಪು ನಾನು ಕೇಳಿ ಎಷ್ಟೋ ಕಾಲವಾಗಿತ್ತು. ಕಾರಿನಲ್ಲಿ ಕರೆದುಕೊಂಡು ಹೋದರೆ ಅವಳು ಹಿಂದಿನ ಸೀಟಿನಲ್ಲಿ ಸುಮ್ಮನೆ ಕೂರುತ್ತಾಳೆ. ಎಲ್ಲಿ ನಿಲ್ಲಿಸಬೇಕು, ಎಷ್ಟು ಹೊತ್ತು ಇರಬೇಕು, ಎಲ್ಲಾ ಸ್ಟೇರಿಂಗ್ ಹಿಡಿದವರ ತೀರ್ಮಾನ. ಬಸ್ಸಿನಲ್ಲಿ ತೀರ್ಮಾನ ಅವಳದೇ.

ಪುಣೆಯದನ್ನೇ ಹೊಗಳಿ ನಿಲ್ಲಿಸಿದರೆ ಸುಳ್ಳು ಹೇಳಿದಂತೆ ಆಗುತ್ತದೆ. ದೀಪಾವಳಿಯ ಕೊನೆಯ ದಿನವಾದ ಭಾವುಬೀಜ್ ಮುಗಿದ ಮಾರನೇ ದಿನ ನಮ್ಮ ಸೊಸೈಟಿಯ ಎಷ್ಟೋ ಮನೆಗಳಲ್ಲಿ ಅಜ್ಜಿ ಒಬ್ಬರೇ, ಇಲ್ಲಾ ಅಜ್ಜ ಅಜ್ಜಿ ಇಬ್ಬರೇ. ಮಕ್ಕಳು ಅಮೆರಿಕದಲ್ಲೋ ಜರ್ಮನಿಯಲ್ಲೋ. ಪರದೇಶದಲ್ಲಿರುವ ಮಕ್ಕಳ ತಂದೆತಾಯಂದಿರದೇ ಒಂದು ಸಂಘ ಪುಣೆಯಲ್ಲಿದೆ ಅಂದರೆ ನೀವೇ ಊಹಿಸಿ. ಫರಾಳದ ಪಾರ್ಸೆಲ್ ವಿಮಾನದಲ್ಲಿ ಹೋಗುತ್ತದೆ, ಮೊಮ್ಮಕ್ಕಳು ವಿಡಿಯೋ ಕಾಲಿನಲ್ಲಿ ಬರುತ್ತಾರೆ. ಅವರ ಗುಂಪು, ಟೂರು ಎಲ್ಲ ಒಳ್ಳೆಯದೇ. ಆದರೆ ಅದರಲ್ಲಿ ಸ್ವಲ್ಪ ಭಾಗ ಖಾಲಿ ಮನೆಯಿಂದ ತಪ್ಪಿಸಿಕೊಳ್ಳುವ ದಾರಿಯೂ ಹೌದು. ಅಮ್ಮನ ಗೊಂಬೆ ಮುಂದೆ ಬೀದಿಯ ಮಕ್ಕಳು ಸಾಲಾಗಿ ಕೂತು, ಒಂದೊಂದು ಗೊಂಬೆಯ ಕತೆ ಕೇಳಿ, ಅಂಗೈ ಚಾಚಿ ಬಾಗಿನ ಇಸಕೊಳ್ಳುವುದನ್ನು ನಮ್ಮ ಪಕ್ಕದ ಮನೆಯ ಆಜಿ ಫೋಟೋದಲ್ಲಿ ನೋಡಿ, "ಇಷ್ಟು ಮಕ್ಕಳಾ?" ಅಂತ ಕೇಳಿದ್ದರು. ಮೈಸೂರಿನ ಈ ಭಾಗ್ಯವನ್ನು ಕಳೆದುಕೊಳ್ಳುವ ಮಾತು ನಾನು ಆಡುತ್ತಿಲ್ಲ. ಮನೆ ತುಂಬಿರಲಿ, ಅಜ್ಜಿಯೂ ಆಗಾಗ ಆ ಮನೆಯ ಹೊಸಿಲು ದಾಟಲಿ.

ಹೋಗುವುದಕ್ಕೆ ಜಾಗ ನಮ್ಮಲ್ಲಿ ಎಷ್ಟಿಲ್ಲ! ಮಂಡಿ ನೋವಿರುವವರಿಗೂ ಆಗುವಂಥವು ಬೇಕಾದಷ್ಟಿವೆ. ಚಾಮುಂಡಿ ಬೆಟ್ಟಕ್ಕೆ ಸಾವಿರ ಮೆಟ್ಟಿಲು ಹತ್ತಬೇಕಾಗಿಲ್ಲ, ಸಿಟಿ ಬಸ್ಸು ಮೇಲಕ್ಕೇ ಹೋಗುತ್ತದೆ. 1892ರಲ್ಲಿ ಶುರುವಾದ ನಮ್ಮ ಮೃಗಾಲಯದಲ್ಲಿ ಈಗ ಬ್ಯಾಟರಿ ಗಾಡಿ ಇದೆ, ಅಜ್ಜಿ ಅದರಲ್ಲಿ ಕೂತರೆ ಮೊಮ್ಮಕ್ಕಳು ತಾವೂ ಕೂರಬೇಕು ಅಂತ ಜಗಳ ಆಡುತ್ತವೆ. ಗಂಜಾಂ ನಿಮಿಷಾಂಬ ಗುಡಿ ಇದೆ, ಕಾವೇರಿ ಪಕ್ಕದಲ್ಲೇ. ಜೊತೆಗೆ ಶ್ರೀರಂಗಪಟ್ಟಣದ ದಸರಾವನ್ನೂ ನೋಡಬಹುದು. ರಾಜ ಒಡೆಯರು 1610ರಲ್ಲಿ ದಸರಾ ಶುರು ಮಾಡಿದ್ದು ಅಲ್ಲೇ ಅಲ್ವಾ. ಅಲ್ಲಿನ ನೂಕುನುಗ್ಗಲು ಮೈಸೂರಿನಷ್ಟಿಲ್ಲ. ದೀಪಾಲಂಕಾರಕ್ಕೂ ಶನಿವಾರ ಭಾನುವಾರ ಬಿಟ್ಟು ನಡುವಾರದಲ್ಲಿ, ನವರಾತ್ರಿಯ ಮೊದಲ ಮೂರು ದಿನದೊಳಗೆ ಹೋದರೆ ಜನ ಕಮ್ಮಿ. ಜಂಬೂಸವಾರಿ ದಿನವೇ ಎಳೆದುಕೊಂಡು ಹೋಗಬೇಕಾಗಿಲ್ಲ.

ಎಲ್ಲಕ್ಕಿಂತ ಮುಂಚೆ ಕೇಳಬೇಕು. "ನೀನೂ ಬರ್ತೀಯಾ?" ಅಂತಲ್ಲ. ಹಾಗೆ ಕೇಳಿದರೆ ಬರೋದಿಲ್ಲ ಅಂತಲೇ ಅನ್ನುತ್ತಾಳೆ. "ನಿನಗೆ ಎಲ್ಲಿಗೆ ಹೋಗಬೇಕು?" ಅಂತ ಕೇಳಬೇಕು. ಫೋನಿನಲ್ಲಿ ಹೀಗೆ ಕೇಳಿದಾಗ ಅಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. "ಮೇಲುಕೋಟೆ. ಬೆಟ್ಟ ಹತ್ತೋಕಾಗಲ್ಲ, ಕೆಳಗಿಂದಲೇ ನರಸಿಂಹನಿಗೆ ಕೈ ಮುಗಿದು, ಚೆಲುವನಾರಾಯಣನ ನೋಡಿ, ಕಲ್ಯಾಣಿ ಹತ್ರ ಕೂತು ಪುಳಿಯೋಗರೆ ತಿನ್ಬೇಕು ಕಣೋ." ಎಷ್ಟು ದಿನದಿಂದ ಮನಸ್ಸಿನಲ್ಲಿತ್ತೋ.

ಈ ದಸರೆಗೆ ಹಾಗೇ ಮಾಡುವುದು ಅಂತ ತೀರ್ಮಾನವಾಗಿದೆ. ದಾದರಿನಿಂದ ಪುಣೆ ಮೇಲೆ ಹಾದು ಮೈಸೂರಿಗೆ ಹೋಗುವ ಶರಾವತಿ ಎಕ್ಸ್‌ಪ್ರೆಸ್ಸಿಗೆ ಟಿಕೆಟ್ ಮಾಡಿಸಿದ್ದೇನೆ. ಅಮ್ಮನೂ ಅವಳ ಗೆಳತಿಯರೂ ಬೆಳಗಿನ ಬಸ್ಸಿಗೆ ಹೊರಡುತ್ತಾರೆ, ಮಂಡ್ಯದಿಂದ ಅಕ್ಕ ನೇರವಾಗಿ ಮೇಲುಕೋಟೆಗೇ ಬರುತ್ತಾಳೆ. ಅವತ್ತಿನ ಉಸಲಿ, ಆರತಿ, ಬಾಗಿನ ನಾನೂ ತಮ್ಮನೂ ನೋಡಿಕೊಳ್ಳುತ್ತೇವೆ. ಕಾರು ಕಳಿಸಲಾ ಅಂತ ತಮ್ಮ ಕೇಳಿದ್ದಕ್ಕೆ ಅಮ್ಮ ಬೇಡ ಅಂದಿದ್ದಾಳೆ. ಬಸ್ಸಿನಲ್ಲಾದರೆ ಎಲ್ಲರೂ ಒಟ್ಟಿಗೆ ಕೂತು ಮಾತಾಡಿಕೊಂಡು ಹೋಗಬಹುದಂತೆ.