ಬಾಯ್ಕಾಟ್ ಎಂಬ ಪಾರುಪತ್ಯಗಾರ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿಗೆ ವಾರಕ್ಕೊಂದು ಬಾಯ್ಕಾಟ್ ಬರುತ್ತದೆ. ಒಮ್ಮೆ ಸಿನಿಮಾ, ಒಮ್ಮೆ ಸೋಪು, ಮತ್ತೊಮ್ಮೆ ಜಾತ್ರೆಯಲ್ಲಿ ಬಳೆ ಮಾರುವವರು. ಮೊನ್ನೆ ಉಡುಪಿಗೆ ಬಂದಿದ್ದ ದೊಡ್ಡಮ್ಮ ಕೇಳಿದರು, "ಇದೆಂತ ಮಾರಾಯ, ಬಾಯಿ ಕಾಟ?"

ಅದೊಬ್ಬ ಮನುಷ್ಯನ ಹೆಸರು ಎಂದೆ. ನಂಬಲಿಲ್ಲ.

ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್. ಐರ್ಲೆಂಡಿನ ಮೇಯೋ ಸೀಮೆಯಲ್ಲಿ ಲಾರ್ಡ್ ಅರ್ನ್ ಎಂಬ ಧನಿಯ ಜಮೀನು ನೋಡಿಕೊಳ್ಳುತ್ತಿದ್ದ ಏಜೆಂಟ್. ನಮ್ಮ ಮಾತಲ್ಲಿ ಪಾರುಪತ್ಯಗಾರ. 1880ರಲ್ಲಿ ಒಕ್ಕಲುಗಳು ಗೇಣಿಯಲ್ಲಿ ಕಾಲು ಭಾಗ ಬಿಡಿ ಎಂದರು. ಧನಿ ಒಪ್ಪಿದ್ದು ನೂರಕ್ಕೆ ಹತ್ತು. ಕೊನೆಗೆ ಒಕ್ಕಲೆಬ್ಬಿಸುವ ನೋಟಿಸು ಹೊರಟಿತು. ನೋಟಿಸು ತಂದವನನ್ನು ಹೆಂಗಸರೇ ಕೆಸರು ಎಸೆದು ಓಡಿಸಿದರಂತೆ! ಆಮೇಲೆ ಆಳುಗಳು ಗದ್ದೆಗಿಳಿಯಲಿಲ್ಲ. ಅಂಗಡಿಯವ ಸಾಮಾನು ಕೊಡಲಿಲ್ಲ. ಬಟ್ಟೆ ಒಗೆಯುವವರೂ ಸಿಗಲಿಲ್ಲ. ಆಲೂಗಡ್ಡೆ, ಟರ್ನಿಪ್ ಕೀಳಲು ಹೊರಗಿನಿಂದ ಐವತ್ತು ಜನ ಬಂದರು. ಅವರ ಕಾವಲಿಗೆ ನೂರಾರು ಸೈನಿಕರು, ಪೊಲೀಸರು. ಸುಮಾರು 500 ಪೌಂಡಿನ ಬೆಳೆಗೆ 10,000 ಪೌಂಡ್ ಖರ್ಚಾಯಿತು ಎಂದು ಲೆಕ್ಕ. ನವೆಂಬರ್ ಕೊನೆಗೆ ಬಾಯ್ಕಾಟ್ ಊರು ಬಿಟ್ಟ.

ಹೆಸರು ಮಾತ್ರ ಉಳಿಯಿತು. ಅಲ್ಲಿನ ಪಾದ್ರಿ ಓ'ಮ್ಯಾಲಿ ಕೊಟ್ಟ ಪದವಂತೆ. ಬಹಿಷ್ಕರಿಸುವುದಕ್ಕೆ ಇಂಗ್ಲಿಷಿನ 'ಆಸ್ಟ್ರಸೈಸ್' ಎಂದರೆ ರೈತರಿಗೆ ತಿಳಿಯದು, 'ಬಾಯ್ಕಾಟ್ ಮಾಡುವುದು' ಅಂದುಬಿಡೋಣ ಎಂದರಂತೆ. ಅಮೆರಿಕದ ಪತ್ರಕರ್ತ ಜೇಮ್ಸ್ ರೆಡ್‌ಪಾತ್ ಹೀಗೆ ಬರೆದಿಟ್ಟಿದ್ದಾರೆ. ಕಾಲು ಶತಮಾನದೊಳಗೆ ಅದೇ ಪದ ಬಂಗಾಳದ ಸ್ವದೇಶಿ ಚಳವಳಿಯ ಬಾಯಲ್ಲಿತ್ತು.

ಗೇಣಿ ಎಂದ ಕೂಡಲೇ ದೊಡ್ಡಮ್ಮ ತವರಿಗೆ ಹೋದರು. ಅಕ್ಕಿ ಮುಡಿ ಹೊತ್ತು ಧನಿಗಳ ಅಂಗಳದಲ್ಲಿ ಕಾದದ್ದು, 1974ರ ಭೂಸುಧಾರಣೆ ತಿದ್ದುಪಡಿ ಬಂದ ಮೇಲೆ ಅವರಪ್ಪ ಉಳುವ ಭೂಮಿ ತಮಗೆ ಬೇಕೆಂದು ಹೆದರುತ್ತಲೇ ಡಿಕ್ಲರೇಶನ್ ಕೊಟ್ಟದ್ದು. "ನಮ್ಮಲ್ಲೂ ಇಂಥದ್ದು ಇತ್ತು, ಆದ್ರೆ ತಿರುಗಾಮುರುಗ. ಧನಿ ಕಣ್ಸನ್ನೆ ಮಾಡಿದ್ರೆ ಕ್ಷೌರದವ ನಮ್ಮ ಅಂಗಳಕ್ಕೆ ಕಾಲಿಡ್ತಿರಲಿಲ್ಲ" ಎಂದರು.

ನನ್ನ ತಕರಾರು ಇಷ್ಟೇ. ಬಡ ಒಕ್ಕಲುಗಳು ಬಲ ಇದ್ದವನ ಮೇಲೆ ಬೀಸಿದ ಕೋಲು ಇದು. ಅದನ್ನು ಈಗ ಚಾಪೆ ಹಾಸಿ ಬಳೆ ಮಾರುವವನ ಮೇಲೆ ಬೀಸುತ್ತಿದ್ದೇವೆ. ಪದ ಐರ್ಲೆಂಡಿನದು, ಬುದ್ಧಿ ಹಳೇ ಧನಿಗಳದ್ದು. ದೊಡ್ಡ ಕಂಪನಿಯ ಸೋಪು ಬಿಡಿ, ನನಗೇನೂ ಬೇಸರ ಇಲ್ಲ.

ಹೊರಡುವಾಗ ದೊಡ್ಡಮ್ಮ ಜಾತ್ರೆ ಯಾವತ್ತು ಎಂದು ಕೇಳಿದರು. ಹಸಿರು ಬಳೆ ಬೇಕಂತೆ.